ಟೇಪು ಹಿಡಿದವರೆಲ್ಲ ಸರ್ವೆಯವರಲ್ಲ ಮಾರಾಯ್ರೆ

ನಮ್ಮ ಉಡುಪಿ ಕಡೆ ಮರಕ್ಕೆ ಟೇಪು ಹಿಡಿದ್ರೆ ಯಾರೂ "ಇದೆಂತ ಮರ" ಅಂತ ಕೇಳುದಿಲ್ಲ, "ರೋಡು ಎಲ್ಲಿವರೆಗೆ ಬರ್ತದೆ" ಅಂತ ಕೇಳ್ತಾರೆ. ಊರ ಸುತ್ತ ಇರುವ ಹಳೇ ದೊಡ್ಡ ಮರಗಳನ್ನ, ಅದೂ ಇಲ್ಲಿನದ್ದೇ ಜಾತಿಯವನ್ನ, ಒಂದು ಪುಸ್ತಕದಲ್ಲಿ ಬರೆದಿಡುವ ಅಂತ ನಾನೂ ಭಾವನೂ ಹೊರಟದ್ದು ಅಷ್ಟೇ, ಆದ್ರೆ 169ಎ ಹೈವೇ ಬದಿಯಲ್ಲಿ ಮನೆ ಇರುವ ಹಿರಿಯಡ್ಕ ಕಡೆಯವರಿಗೆ ಅದನ್ನ ನಂಬಿಸುದು ಹೇಗೆ? ಒಬ್ರು ಚಾ ಕೊಟ್ಟು, ಅವಲಕ್ಕಿ ಕೊಟ್ಟು, ಕೊನೆಗೆ ಮೆಲ್ಲ "ಸೆಂಟ್ಸಿಗೆ ಎಷ್ಟು ಪರಿಹಾರ ಸಿಗ್ಬಹುದು" ಅಂದ್ರು. ಪರಿಹಾರ ಇಲ್ಲ, ಬರೀ ಮರದ ಅಳತೆ ಅಂದದ್ದೇ ಬಾಳೆಹಣ್ಣಿನ ತಟ್ಟೆ ವಾಪಸ್ ಒಳಗೆ ಹೋಯ್ತು.

ಮತ್ತೆ ಜನ ಹೆಮ್ಮೆಯಿಂದ ತೋರಿಸುದು ಯಾವುದನ್ನ ಅಂದ್ರೆ ರೈನ್‌ಟ್ರೀ. ಅದು ಅಮೆರಿಕ ಖಂಡದ್ದು. ಗುಲ್ಮೊಹರ್ ಮಡಗಾಸ್ಕರಿನದ್ದು. ಗೇರುಮರ ಕೂಡ ಪೋರ್ಚುಗೀಸರು ತಂದದ್ದು ಅಂತ ಭಾವ ಬಾಯಿ ಬಿಟ್ಟದ್ದಕ್ಕೆ ಒಬ್ರು ಅಜ್ಜ "ನಮ್ಮ ಹಾಡಿಯ ಗೇರನ್ನ ನಮ್ಮ ಅಪ್ಪ ನೆಟ್ಟದ್ದು, ಯಾವ ಪೋರ್ಚುಗೀಸನೂ ಬರ್ಲಿಲ್ಲ" ಅಂತ ಗದರಿದ್ರು.

ನಿಜವಾಗಿ ಇಲ್ಲಿನದ್ದೇ ದೊಡ್ಡ ಮರಗಳು, ಧೂಪ, ಬೋಗಿ, ಪಾಲೆ ಎಲ್ಲ ನೋಡ್ಬೇಕಾದ್ರೆ ನಾಗಬನಕ್ಕೇ, ಅಂದ್ರೆ ನಾಗದೇವರಿಗೆ ಅಂತ ಬಿಟ್ಟ ಕಾಡಿನ ತುಂಡಿಗೇ ಹೋಗ್ಬೇಕು. ನನ್ನನ್ನ ಕೇಳಿದ್ರೆ ನಮ್ಮ ಜಿಲ್ಲೆಯಲ್ಲಿ ಮರ ಉಳಿದದ್ದು ಪರಿಸರಪ್ರೇಮದಿಂದ ಅಲ್ಲ, ನಾಗನ ಹೆದರಿಕೆಯಿಂದ. ಆದ್ರೆ ಅದೇ ಹೆದರಿಕೆ ಟೇಪಿಗೂ ಉಂಟಲ್ಲ, ಹಾಗಾಗಿ ಬನದೊಳಗಿನ ಮರಗಳೆಲ್ಲ ನಮ್ಮ ಪುಸ್ತಕದಲ್ಲಿ "ದೂರದಿಂದ ಕೈಮುಗಿದು ನೋಡಿದ್ದು" ಅನ್ನುವ ಕಾಲಂ ಒಳಗೆ.

ಅಳತೆಗೆ ಒಂದು ಕ್ರಮ ಉಂಟು. ನೆಲದಿಂದ 1.37 ಮೀಟರ್, ಅಂದ್ರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ತೆಗಿಬೇಕು, ಇಳಿಜಾರಾದ್ರೆ ಮೇಲಿನ ಬದಿಯಿಂದ ಲೆಕ್ಕ. ಗೋಳಿಮರದ, ಅಂದ್ರೆ ಆಲದ ಹತ್ರ ಹೋದ್ರೆ ಈ ಕ್ರಮ ಎಲ್ಲ ಠುಸ್, ಬಿಳಲು ಯಾವುದು ಕಾಂಡ ಯಾವುದು ಅಂತಲೇ ಗೊತ್ತಾಗುದಿಲ್ಲ. ಕೋಲ್ಕತ್ತ ಹತ್ರದ ಹೌರಾದ ಬೊಟಾನಿಕಲ್ ಗಾರ್ಡನಿನ ದೊಡ್ಡ ಆಲಕ್ಕೆ 1925ರಲ್ಲಿ ಶಿಲೀಂಧ್ರ ಬಂದು ಮೂಲ ಕಾಂಡವನ್ನೇ ತೆಗೆದ್ರು, ಮರ ಬಿಳಲಿನ ಮೇಲೆ ಈಗಲೂ ಆರಾಮ ಉಂಟು. ಇನ್ನು ಎತ್ತರಕ್ಕೆ ಕೋಲಿನ ಲೆಕ್ಕ: ಕೈ ಉದ್ದದಷ್ಟೇ ಕೋಲನ್ನ, ಕೈ ಪೂರ್ತಿ ಮುಂದೆ ಚಾಚಿ, ನೆಟ್ಟಗೆ ಹಿಡಿದು, ಕೋಲೂ ಮರವೂ ಸರೀ ಒಂದೇ ಉದ್ದ ಕಾಣುವವರೆಗೆ ಹಿಂದೆ ಹಿಂದೆ ಹೋಗುದು, ನಾವು ನಿಂತಲ್ಲಿಂದ ಬುಡಕ್ಕೆ ಎಷ್ಟು ದೂರವೋ ಮರ ಸುಮಾರು ಅಷ್ಟೇ ಎತ್ತರ. ಭಾವ ಒಂದು ಕಣ್ಣು ಮುಚ್ಚಿಕೊಂಡು ಹಿಂದೆ ಹಿಂದೆ ಹೋದ, ಮರ ಹೆಬ್ಬಲಸು, ಬೆಳೆದದ್ದೂ ಹಾಗೇ, ಮುಗಿಯುದೇ ಇಲ್ಲ, ಕಟ್ಟಪುಣಿ, ಅಂದ್ರೆ ಗದ್ದೆಯ ಬದು, ಮಾತ್ರ ಮುಗಿದು ಹೋಗಿತ್ತು. ತೋಡಿನಲ್ಲಿ ಸೊಂಟದವರೆಗೆ ಮುಳುಗಿ ನಿಂತವ ಕೋಲು ಇಳಿಸ್ಲಿಲ್ಲ, "ಈಗ ಸರೀ ಕೂತಿತು, ಅಳತೆ ತೆಗಿ" ಅಂತ ಬೊಬ್ಬೆ.

ದೊಡ್ಡ ಕತೆ ಆದದ್ದು ಚೇರೆ ಮರದಲ್ಲಿ. ಗೇರಿನ ಬಳಗದ್ದೇ ಮರ, ಅದರ ಸೊನೆ ತಾಗಿದ್ರೆ ಮೈಯೆಲ್ಲ ಬೊಕ್ಕೆ. ನಾನು ಹೇಳುವಷ್ಟರಲ್ಲಿ ಭಾವ ಟೇಪಿನ ತುದಿ ಹಿಡ್ಕೊಂಡು ಮರವನ್ನ ತಬ್ಬಿ ಆಗಿತ್ತು, ಹಿಂದಿನ ಬದಿಯಲ್ಲಿ ಯಾರೋ ಕತ್ತಿ ತಾಗಿಸಿದ ಗಾಯದಿಂದ ಸೊನೆ ಇಳಿದು ಕಪ್ಪಾಗಿದ್ದದ್ದು ಅವನ ಅಂಗಿಗೂ ಕೆನ್ನೆಗೂ ಬಂತು. ಮರುದಿನ ಎಡಗಣ್ಣೇ ಇಲ್ಲ, ಅಷ್ಟು ಊದಿತ್ತು. ನಮ್ಮಲ್ಲಿ ಚೇರೆಗೆ ಮದ್ದು ತಾರೆ, ತಾರೆ ಮರಕ್ಕೆ ಸುತ್ತು ಬಂದ್ರೆ ವಾಸಿ ಅನ್ನುವ ನಂಬಿಕೆ. ಅಜ್ಜಿ ಅವನನ್ನ ಕೈಹಿಡಿದು ಕರ್ಕೊಂಡು ಹೋದ್ರು. ಹೇಗೂ ಸುತ್ತು ಬರ್ತಾನಲ್ಲ ಅಂತ ನಾನು ಟೇಪಿನ ತುದಿ ಅವನ ಕೈಯಲ್ಲೇ ಕೊಟ್ಟೆ.

"ಅಳತೆ ತೆಗಿತಾ ಬಂದ ಸುತ್ತು ಲೆಕ್ಕಕ್ಕಿಲ್ಲ, ಟೇಪು ಬಿಟ್ಟು ಪುನಃ ಬಾ" ಅಂದ್ರು ಅಜ್ಜಿ.

ಆಮೇಲೆ ಚರ್ಮದ ಡಾಕ್ಟ್ರಲ್ಲಿಗೂ ಹೋದದ್ದಾಯ್ತು. ಬೊಕ್ಕೆ ಹೋದದ್ದು ತಾರೆಯಿಂದ ಅಂತ ಅಜ್ಜಿ, ಫೀಸು ಮಾತ್ರ ಡಾಕ್ಟ್ರಿಗೆ. ತಾರೆಯ ಸುತ್ತಳತೆಯನ್ನ ಭಾವನೇ ಬರೆದದ್ದು, ಕೈಗೆಲ್ಲ ಕ್ಯಾಲಮಿನ್ ಲೋಷನ್ ಮೆತ್ತಿಕೊಂಡು, ಆ ಪುಟದಲ್ಲಿ ಗುಲಾಬಿ ಹೆಬ್ಬೆಟ್ಟಿನಡಿ ಇರುವ ಅಂಕೆ 3 ಮೀಟರಾ 8 ಮೀಟರಾ ಅಂತ ಓದ್ಲಿಕ್ಕೆ ಆಗುದಿಲ್ಲ. ಅವ ಎಂಟೇ ಅಂತಾನೆ. ಇನ್ನೊಮ್ಮೆ ಅಳತೆ ತೆಗೆಯುವ ಬಾ ಅಂದ್ರೆ ಫೋನ್ ಎತ್ತುದಿಲ್ಲ.