ಭಾಮಿನಿಗೆ ಟೊಪ್ಪಿಗೆ, ವಾರ್ಧಕಕ್ಕೆ ಮಫ್ಲರು

ಟೊಪ್ಪಿಗೆಗೆ ಬೆಕ್ಕಿನ ಕಿವಿ ಇರಬೇಕಂತೆ. ಡಿಸೆಂಬರಿನ ಎರಡನೆಯ ವಾರದಲ್ಲಿ, ನೆತ್ತಿ ಮುಚ್ಚುವುದಕ್ಕೆ ಬೆರಳುದ್ದ ಮಾತ್ರ ಉಳಿದಿರುವಾಗ, ಫೋನಿನಲ್ಲಿ ಹಚ್ಚಿ ಕೇಳುತ್ತಿದ್ದ ಕಾದಂಬರಿಯ ನಾಯಕಿ ಕಿವಿಯೊಳಗೆ ತನ್ನ ಮಾವನ ಎದುರಿಗೆ ಜೀವಮಾನದಲ್ಲಿ ಮೊದಲ ಸಲ ಬಾಯಿ ತೆರೆದಿರುವಾಗ, ಟೊರಾಂಟೋದಿಂದ ತಂಗಿಯ ಮಗಳು ಫೋನು ಮಾಡಿದಳು. "ದೊಡ್ಡಮ್ಮಾ, ಪುಟ್ಟಿಗೆ ಬೆಕ್ಕಿನ ಕಿವಿ ಇರೋ ಟೋಪೀನೇ ಬೇಕಂತೆ. ಕಷ್ಟ ಏನಿಲ್ಲ ಅಲ್ವಾ? ಎರಡು ತ್ರಿಕೋನ ಅಷ್ಟೇ." ಕಡ್ಡಿ ಹಿಡಿದು ಅಭ್ಯಾಸವಿಲ್ಲದವರಿಗೆ ಹೆಣಿಗೆಯ ಕೆಲಸವೆಲ್ಲವೂ ಎರಡು ತ್ರಿಕೋನದಷ್ಟೇ ಕಾಣುತ್ತದೆ. ಫೋನು ಇಟ್ಟ ಮೇಲೆ ನಾಯಕಿಯು ನಿಂತಲ್ಲಿಂದಲೇ ಮುಂದುವರಿದು, "ಇವತ್ತೇ ಸುಟ್ಟುಹಾಕುತ್ತೇನೆ" ಎಂದಳು. ಏನನ್ನು ಸುಡುತ್ತಾಳೆಂಬುದು ವಾಕ್ಯದ ಮೊದಲ ಭಾಗದಲ್ಲಿತ್ತು. ಅದು ಬೆಕ್ಕಿನ ಕಿವಿಯ ಗಲಾಟೆಯಲ್ಲಿ ನನ್ನ ತಲೆಯಿಂದ ಹಾರಿಹೋಗಿತ್ತು. ಹಿಂದಕ್ಕೆ ಸರಿಸಿ ಮತ್ತೆ ಕೇಳೋಣವೆಂದರೆ ಎರಡೂ ಕೈಗಳಲ್ಲಿ ಕಡ್ಡಿಗಳು, ನಡುವೆ ಜಾರಲು ಕಾದಿರುವ ಕುಣಿಕೆಗಳು.

ಮುಂಬೈಯಲ್ಲಿ ಕುಳಿತು ಉಲ್ಲನ್ ಹೆಣೆಯುವವಳಿಗೆ ಯಾರ ಸಹಾನುಭೂತಿಯೂ ಸಿಕ್ಕುವುದಿಲ್ಲ. ಸಾಂತಾಕ್ರೂಜ್ ವೀಕ್ಷಣಾಲಯದ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದರೆ ಅದು ಪತ್ರಿಕೆಯ ಮುಖಪುಟದ ಸುದ್ದಿಯಾಗುವ ಊರಿದು. ರಜೆಗೆ ಚಳಿಯ ಊರುಗಳಿಂದ ಬರುವವರಿಗೋ, ಅಲ್ಲಿಗೆ ಹೊರಟವರಿಗೋ ಕೊಡಬೇಕಾದ ಸ್ವೆಟರುಗಳನ್ನು ಡಿಸೆಂಬರಿಗೆ ಮುಗಿಸಬೇಕಾದರೆ ಅಕ್ಟೋಬರಿನಲ್ಲೇ ಕುಣಿಕೆ ಹಾಕಬೇಕು; ಅಕ್ಟೋಬರೆಂದರೆ ಇಲ್ಲಿ ಮಳೆ ಹೋಗಿ ಬಿಸಿಲು ಎರಡನೆಯ ಸಲ ಬರುವ ತಿಂಗಳು. ಅರ್ಧ ಹೆಣೆದ ಸ್ವೆಟರನ್ನು ತೊಡೆಯ ಮೇಲೆ ಹರಡಿಕೊಂಡು, ಬೆವರಿಗೆ ಬೆರಳಿನಲ್ಲಿ ಜಾರದೆ ಅಂಟಿಕೊಳ್ಳುವ ನೂಲನ್ನು ಫ್ಯಾನಿನ ಕೆಳಗೆ ಎಳೆಯುತ್ತ ಕುಳಿತವಳನ್ನು ಕಂಡು ಮನೆಗೆಲಸದ ಬಾಯಿಯೂ ಒಂದು ಕ್ಷಣ ನಿಂತು ನೋಡುತ್ತಾಳೆ. ಅಂಗಡಿಯವನು ಉಲ್ಲನ್ ಎಂದು ಕೊಡುವುದರಲ್ಲಿ ಬಹುಪಾಲು ಅಕ್ರಿಲಿಕ್ ಆಗಿರುತ್ತದೆ ಎಂಬುದನ್ನೂ, ಅದಕ್ಕೆ ಗಾಳಿಯಾಡುವ ಗುಣ ಕಡಿಮೆ ಎಂಬುದನ್ನೂ ಇಲ್ಲಿ ಸೇರಿಸಬೇಕು.

ವರ್ಷದ ಇದೇ ಭಾಗದಲ್ಲಿ ಪುಸ್ತಕಗಳೂ ಬರುತ್ತವೆ. ದೀಪಾವಳಿಯ ಹೊತ್ತಿಗೆ ಬೆಂಗಳೂರಿನಿಂದಲೂ ಧಾರವಾಡದಿಂದಲೂ ಪಾರ್ಸೆಲ್ಲು ತರಿಸುವುದು ನನ್ನ ಹಳೆಯ ಚಾಳಿ. ಮುಂಬೈಯಲ್ಲಿ ಕನ್ನಡ ಪುಸ್ತಕವನ್ನು ಅಂಗಡಿಯಲ್ಲಿ ನಿಂತು, ತಿರುವಿ ನೋಡಿ ಕೊಳ್ಳುವ ಸುಖ ದುರ್ಲಭ. ಪುಸ್ತಕವನ್ನು ಎದುರಿಗೆ ತೆರೆದಿಟ್ಟುಕೊಂಡು, ಕಣ್ಣು ಅದರಲ್ಲಿ, ಕೈ ಕಡ್ಡಿಯಲ್ಲಿ ಇಟ್ಟುಕೊಂಡು ಸಾದಾ ಸಾಲುಗಳನ್ನು ಹೆಣೆಯಬಲ್ಲವರು ಇದ್ದಾರೆ, ನಾನೂ ಅವರಲ್ಲಿ ಒಬ್ಬಳು. ಆದರೆ ಇದಕ್ಕೆ ಪುಸ್ತಕವು ತೆರೆದಲ್ಲಿ ತೆರೆದುಕೊಂಡಿರಬೇಕು. ದಾರ ಹಾಕಿ ಹೊಲಿದ ಹಳೆಯ ಪುಸ್ತಕಗಳು ಮೇಜಿನ ಮೇಲೆ ಅಂಗಾತ ಮಲಗುತ್ತಿದ್ದವು. ಈಗಿನವು ಬೆನ್ನಿಗೆ ಅಂಟು ಬಳಿದು ನಿಲ್ಲಿಸಿದವುಗಳಾದ್ದರಿಂದ ಕೈ ಬಿಟ್ಟ ಕೂಡಲೇ ಇಲಿಬೋನಿನ ಹಾಗೆ ಮುಚ್ಚಿಕೊಳ್ಳುತ್ತವೆ. ಎಡಕ್ಕೆ ಚಪಾತಿ ಮಣೆ, ಬಲಕ್ಕೆ ಕುಟ್ಟಾಣಿ ಹೇರಿ ಹಟದಿಂದ ಬಿಡಿಸಿಟ್ಟರೆ ಬೆನ್ನು ಸೀಳಿ ನಡುವಿನ ಹಾಳೆಗಳು ಕೈಗೆ ಬರುತ್ತವೆ. ನಾನೂರು ರೂಪಾಯಿ ತೆತ್ತು ಬಿಡಿ ಹಾಳೆಗಳನ್ನು ಕೊಂಡ ಹಾಗಾಗುತ್ತದೆ. ಮುಖಪುಟಕ್ಕೆ ಬಣ್ಣ ಬಣ್ಣದ ಚಿತ್ರ ಬರೆಸುವ ಪ್ರಕಾಶಕರು ಆ ಖರ್ಚಿನಲ್ಲಿ ಕಾಲುಭಾಗವನ್ನು ದಾರಕ್ಕೆ ಹಾಕಿದರೆ ಓದುಗರ ಮೇಲೆ ದೊಡ್ಡ ಉಪಕಾರವಾದೀತು. ಇದನ್ನು ನಾನು ಹೆಣಿಗೆಯವಳಾಗಿ ಮಾತ್ರ ಹೇಳುತ್ತಿಲ್ಲ.

ಹಾಗಾಗಿ ಕೇಳುವುದು. ಯಾವ ಹೆಣಿಗೆಗೆ ಯಾವ ಪುಸ್ತಕ ಎಂಬ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯಗಳಿವೆ. ಸ್ವೆಟರಿನ ಬೆನ್ನಿನ ಭಾಗದಲ್ಲಿ ಸೀದಾ ಸಾಲು, ಉಲ್ಟಾ ಸಾಲು ಬಿಟ್ಟರೆ ಬೇರೇನೂ ಇರುವುದಿಲ್ಲವಾದ್ದರಿಂದ, ಮೂರು ತಲೆಮಾರಿನ ಸಂಸಾರವನ್ನು ಹೊತ್ತ ದಪ್ಪ ಕಾದಂಬರಿಯನ್ನು ಅಲ್ಲಿಗೆ ಹಚ್ಚಬಹುದು. ಜಡೆ ಹೆಣಿಗೆಗೆ ಹಿಂದೆ ಓದಿ ಅರ್ಧ ಬಾಯಿಪಾಠವಾದ ಪುಸ್ತಕವೇ ಆಗಬೇಕು. ಕತ್ತಿನ ಇಳಿಕೆಗೆ ಬಂದಾಗ ಯಾವ ಪುಸ್ತಕವೂ ಆಗದು. ಆಗ ಮನೆಯವರೂ ಮಾತಾಡಿಸಬಾರದು. ಪತ್ತೇದಾರಿ ಕಾದಂಬರಿಗಳನ್ನು ನಾನು ರೈಲಿಗೆ ಮೀಸಲಿಟ್ಟಿದ್ದೆ, ಆದರೆ ಮುಲುಂಡಿನಿಂದ ಕೋಟೆಯ ಕಡೆಗೆ ಹೋಗುವ ಸ್ಲೋ ಲೋಕಲ್ಲಿನಲ್ಲಿ ಮೂವರ ಬೆಂಚಿನ ಮೇಲೆ ನಾಲ್ಕನೆಯವಳಾಗಿ ಅರ್ಧ ಕುಳಿತು ಹೆಣೆಯಲು ಮೊಣಕೈಗಳೇ ಇರಬಾರದು. ಎದುರಿಗೆ ಕುಳಿತವಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರೆ ಯಾರೂ ಏನೂ ಅನ್ನುವುದಿಲ್ಲ, ನನ್ನ ಕಡ್ಡಿಯ ತುದಿಯನ್ನು ಮಾತ್ರ ಎಲ್ಲರೂ ಶಸ್ತ್ರವನ್ನು ನೋಡಿದಂತೆ ನೋಡುತ್ತಾರೆ. ಸಾಲದ್ದಕ್ಕೆ, ಸತ್ತವನ ಕೊನೆಯ ಮಾತು ಇನ್ನೇನು ಹೊರಬೀಳಬೇಕು ಎನ್ನುವಷ್ಟರಲ್ಲಿ ನೆತ್ತಿಯ ಮೇಲಿನ ಹೆಣ್ಣು ದನಿಯು "ಪುಢೀಲ್ ಸ್ಟೇಷನ್ ವಿದ್ಯಾವಿಹಾರ್" ಎಂದು ಮರಾಠಿಯಲ್ಲಿ ಆರಂಭಿಸಿ, ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಅದನ್ನೇ ಸಾರಿ ಮುಗಿಸುವ ಹೊತ್ತಿಗೆ ಅವನು ಮಾತು ಮುಗಿಸಿ ಸತ್ತಿರುತ್ತಾನೆ.

ಕೇಳುತ್ತ ಹೆಣೆಯುವುದು ಹೊಸ ಕಾಲದ ಫೋನಿನವರ ಹವ್ಯಾಸವೆಂದು ತಿಳಿದವರಿಗೆ ನಾನು ನಮ್ಮ ಸೋದರತ್ತೆಯ ವಿಷಯ ಹೇಳಬೇಕು. ಹಾಸನದ ಕಡೆಯಿಂದ ಮದುವೆಯಾಗಿ ಬಂದ ಅತ್ತೆ ಮಾಟುಂಗದಲ್ಲಿದ್ದರು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನು ಅಲ್ಲಿಯೇ ಇರುವುದರಿಂದ ಆ ಭಾಗದಲ್ಲಿ ಕನ್ನಡದ ಸದ್ದಿಗೆ ಎಂದೂ ಬರವಿರಲಿಲ್ಲ. ಅಕ್ಕಪಕ್ಕದ ಯಾವ ಸಭಾಂಗಣದಲ್ಲಿ ಗಮಕ ವಾಚನ, ಅಂದರೆ ಕಾವ್ಯವನ್ನು ರಾಗವಾಗಿ ಓದಿ ಹೇಳುವುದು, ಇದ್ದರೂ ಅತ್ತೆ ಬಟ್ಟೆಯ ಚೀಲದೊಂದಿಗೆ ಎರಡನೆಯ ಸಾಲಿನ ಅಂಚಿನ ಕುರ್ಚಿಯಲ್ಲಿ ಹಾಜರು. ಗಮಕಿಗಳು ಕುಮಾರವ್ಯಾಸನ ಪದ್ಯವನ್ನು ಎತ್ತಿಕೊಂಡರೆಂದರೆ ಇವರು ಅಲ್ಯುಮಿನಿಯಮ್ ಕಡ್ಡಿಗಳನ್ನು ಎತ್ತಿಕೊಳ್ಳುತ್ತಿದ್ದರು. ಒಮ್ಮೆ ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ, "ಅದೇನಮ್ಮಾ ಟಕಟಕ?" ಎಂದು ಕೇಳಿದ್ದಕ್ಕೆ ಅತ್ತೆ ತಲೆಯೆತ್ತದೆ, "ಛಂದಸ್ಸು" ಎಂದರಂತೆ.

ಅದು ಬರಿಯ ಉದ್ಧಟತನವಾಗಿರಲಿಲ್ಲ. ಕುಮಾರವ್ಯಾಸನ ಆರು ಸಾಲಿನ ಪದ್ಯ, ಅಂದರೆ ಭಾಮಿನಿ ಷಟ್ಪದಿಯ ನಡೆ, ಮಾತ್ರೆಗಳ ಲೆಕ್ಕದಲ್ಲಿ ಮೂರು ನಾಲ್ಕು, ಮೂರು ನಾಲ್ಕು. ಅತ್ತೆ ಮೂರು ಕುಣಿಕೆ ಸೀದಾ, ನಾಲ್ಕು ಕುಣಿಕೆ ಉಲ್ಟಾ ಹೆಣೆದು ಪಟ್ಟಿ ತೆಗೆಯುತ್ತಿದ್ದರು. ಆದರೆ ಎರಡು ಕಡ್ಡಿಯಲ್ಲಿ ಹಿಂದು ಮುಂದು ಹೆಣೆಯುವಾಗ ಮರಳಿ ಬರುವ ಸಾಲಿನಲ್ಲಿ ಈ ಲೆಕ್ಕವು ಮಗುಚಿಕೊಂಡು ನಾಲ್ಕು ಸೀದಾ, ಮೂರು ಉಲ್ಟಾ ಆಗುತ್ತದೆ, ಅಂದರೆ ಒಂದು ಸಾಲು ಭಾಮಿನಿಗೆ ಒಪ್ಪಿದರೆ ಮುಂದಿನ ಸಾಲು ಅಡ್ಡಬೀಳುತ್ತದೆ. ಆದ್ದರಿಂದ ಕುಮಾರವ್ಯಾಸನಿಗೆ ಏನಿದ್ದರೂ ಟೊಪ್ಪಿಗೆಯೇ ಸರಿ ಎಂದು ಅತ್ತೆ ತೀರ್ಮಾನಿಸಿದ್ದರು. ಟೊಪ್ಪಿಗೆಯನ್ನು ನಾಲ್ಕು ಕಡ್ಡಿಯಲ್ಲಿ ಸುತ್ತು ಸುತ್ತಾಗಿ ಹೆಣೆಯುವುದರಿಂದ ಮರಳುವ ಸಾಲೇ ಇಲ್ಲ. ಮಫ್ಲರನ್ನು ಅವರು ಲಕ್ಷ್ಮೀಶನ ಜೈಮಿನಿ ಭಾರತಕ್ಕೆ ಕಾದಿಟ್ಟಿದ್ದರು. ವಾರ್ಧಕ ಷಟ್ಪದಿಯದು ಐದೈದರ ನಡೆ, ಐದು ಸೀದಾ ಐದು ಉಲ್ಟಾ ಎಂಬುದು ಹೋಗುವಾಗಲೂ ಬರುವಾಗಲೂ ಒಂದೇ.

ನಾನು ದೊಡ್ಡವಳಾದ ಮೇಲೆ ಒಂದು ಮಧ್ಯಾಹ್ನ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿ ನೋಡಿದೆ. ಭಾಮಿನಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ತಲಾ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ತಲಾ 21 ಮಾತ್ರೆ ಮತ್ತು ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಗುರುಗಳೆರಡನ್ನು ಬದಿಗಿಟ್ಟು ಕೂಡಿಸಿದರೆ 98. ಅತ್ತೆ ಐದಾರು ವರ್ಷದ ಮಕ್ಕಳ ಟೊಪ್ಪಿಗೆಗೆ ಹಾಕುತ್ತಿದ್ದದ್ದು 98 ಕುಣಿಕೆ! ಒಂದು ಪದ್ಯಕ್ಕೆ ಒಂದು ಸುತ್ತು. ಗಮಕಿಗಳು ಗುರುವನ್ನು ಎಳೆದು ನಿಲ್ಲಿಸುವಾಗ ಉಂಡೆಯಿಂದ ನೂಲನ್ನು ಎಳೆದುಕೊಳ್ಳಲು ಬಿಡುವು. ಗಮಕಕ್ಕೆ ತಾಳವಿಲ್ಲ, ಗಮಕಿಯು ಭಾವಕ್ಕೆ ತಕ್ಕಂತೆ ಎಲ್ಲಿ ಬೇಕಾದರೂ ನಿಲ್ಲುತ್ತಾನೆ, ಮಾತ್ರೆಗೊಂದು ಕುಣಿಕೆ ಎಂಬುದು ನಡೆಯುವ ಮಾತಲ್ಲ ಎಂದು ಬಲ್ಲವರು ಆಕ್ಷೇಪಿಸಬಹುದು. ಆಕ್ಷೇಪಿಸಲಿ. ಪಳಗಿದ ಕೈಗೆ ಒಂದು ಸುತ್ತಿಗೆ ಎರಡು ಮೂರು ನಿಮಿಷ ಬೇಕು, ಪದ್ಯವನ್ನು ರಾಗವಾಗಿ ಹಾಡಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ.

ಗಮಕಿಯ ಜೊತೆಗೆ ವ್ಯಾಖ್ಯಾನಕಾರರೂ ಇರುತ್ತಾರಲ್ಲ. ವ್ಯಾಖ್ಯಾನ ಗದ್ಯವಾದ್ದರಿಂದ ಆ ಹೊತ್ತಿನಲ್ಲಿ ಅತ್ತೆ ಪಟ್ಟಿಯನ್ನು ಬಿಟ್ಟು ಸಾದಾ ಹೆಣೆಯುತ್ತಿದ್ದರು. ಹೀಗಾಗಿ ಅವರ ಟೊಪ್ಪಿಗೆಗಳಲ್ಲಿ ಪಟ್ಟಿಯ ಸುತ್ತುಗಳೂ ಸಾದಾ ಸುತ್ತುಗಳೂ ಅಳತೆಯಿಲ್ಲದೆ ಒಂದರ ಮೇಲೊಂದು ಕುಳಿತಿರುತ್ತಿದ್ದವು. ನೋಡಿದವರು ಅದನ್ನು ಹೊಸ ನಮೂನೆಯೆಂದು ತಿಳಿದು ಹೊಗಳುತ್ತಿದ್ದರು. ಸಾದಾ ಭಾಗ ನಾಲ್ಕು ಬೆರಳು ಅಗಲವಿದ್ದರೆ ಆ ಸಂಜೆ ವ್ಯಾಖ್ಯಾನಕಾರರು ವಿರಾಟನಗರಿಯಿಂದ ಹೊರಟು ಅಂದಿನ ರಾಜಕಾರಣಕ್ಕೆ ಹೋಗಿದ್ದರೆಂದು ತಿಳಿಯಬೇಕು. ಒಂದು ಟೊಪ್ಪಿಗೆಯಂತೂ ಅಂಚಿನಲ್ಲಿ ಎರಡು ಬೆರಳು ಪಟ್ಟಿಯನ್ನು ಬಿಟ್ಟರೆ ನೆತ್ತಿಯವರೆಗೆ ಬರಿಯ ಸಾದಾ, ಮೂಗನ್ನೂ ಮುಚ್ಚುವಷ್ಟು ಉದ್ದ. ಅದನ್ನು ನನ್ನ ಅಣ್ಣ ಮಹಾಬಳೇಶ್ವರದ ಪ್ರವಾಸದಲ್ಲಿ ಹಾಕಿಕೊಂಡ ಫೋಟೋ ಇದೆ. ಅದರಲ್ಲಿ ಅಣ್ಣನ ಗಲ್ಲ ಮಾತ್ರ ಕಾಣುತ್ತದೆ. ಭಾಷಣಕಾರರು ಯಾರೆಂದು ಅತ್ತೆ ಕೊನೆಯವರೆಗೂ ಹೇಳಲಿಲ್ಲ.

ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಮುಗಿಸಿದ್ದು ಎಲ್ಲರಿಗೂ ಗೊತ್ತು. ಇದರ ಬಗ್ಗೆ ಅತ್ತೆಯ ವಿಮರ್ಶೆ ಒಂದೇ ಸಾಲಿನದು: "ಒಬ್ಬರ ಕಡ್ಡೀಲಿದ್ದದ್ದನ್ನ ಇನ್ನೊಬ್ಬರು ಮುಗಿಸಿದ್ರೆ ಬಿಗಿ ಬೇರೆ ಆಗತ್ತೆ." ಅರ್ಧಕ್ಕೆ ನಿಂತ ಸ್ವೆಟರನ್ನು ಬೇರೊಬ್ಬರ ಕೈಯಿಂದ ಮುಗಿಸಿಕೊಂಡವರಿಗೆ ಈ ಮಾತಿನ ತೂಕ ತಿಳಿಯುತ್ತದೆ, ಎಲ್ಲಿ ಕೈ ಬದಲಾಯಿತೆಂಬುದು ಎಷ್ಟು ಒಗೆದರೂ ಅಳಿಸದ ಗೆರೆಯಾಗಿ ಎದೆಯ ಮೇಲೆ ಉಳಿದಿರುತ್ತದೆ. ಇದೇ ವಿಷಯವಾಗಿ ನಾನು ನಿದ್ದೆಗಣ್ಣಿನಲ್ಲಿ ಕೇಳಿದ ವಿಚಾರಸಂಕಿರಣದ ಪ್ರಬಂಧಗಳಲ್ಲಿ ಇದಕ್ಕಿಂತ ಖಚಿತವಾದದ್ದು ನನಗೆ ಸಿಕ್ಕಿಲ್ಲ.

ಈಗಿನ ದನಿಗಳಿಗೆ ಬರೋಣ. ಒಳ್ಳೆಯ ಓದುಗಾರರಿದ್ದಾರೆ, ಅವರ ಉಸಿರಿಗೆ ಕಡ್ಡಿ ಬದಲಿಸಬಹುದು. ಆದರೆ ಯಂತ್ರದಿಂದ ಓದಿಸಿದ ಪುಸ್ತಕಗಳೂ ಬರತೊಡಗಿವೆ. ಯಂತ್ರಕ್ಕೆ ಉಸಿರು ಬೇಕಿಲ್ಲವಾದ್ದರಿಂದ ಅದು ಪೂರ್ಣವಿರಾಮದ ಬಳಿ ನಿಂತರೂ ನಿಲ್ಲುವ ಅಳತೆ ಯಾವಾಗಲೂ ಒಂದೇ. ತಾಯಿ ಸತ್ತ ವಾಕ್ಯದ ಮುಂದೆಯೂ, ಹಾಲು ಉಕ್ಕಿದ ವಾಕ್ಯದ ಮುಂದೆಯೂ ಅಷ್ಟೇ ಮೌನ. ಇದಕ್ಕಿಂತ ನನಗೆ ಕೋಪ ಬರುವುದು ಒಂದೂವರೆ ಪಟ್ಟು ವೇಗದವರ ಮೇಲೆ. ಮೊನ್ನೆ ಊಟಕ್ಕೆ ಬಂದಿದ್ದ ನಾದಿನಿಯ ಅಳಿಯ, ಈ ವರ್ಷ ತಾನು ಕೇಳಿ ಮುಗಿಸಿದ ಪುಸ್ತಕಗಳ ಲೆಕ್ಕವನ್ನು ಸಾರಿಗೆ ಒಗ್ಗರಣೆ ಬೀಳುವ ಮೊದಲೇ ಒಪ್ಪಿಸಿದ. ಎಲ್ಲವೂ ಒಂದೂವರೆ ಪಟ್ಟು, ಕೆಲವು ಎರಡು ಪಟ್ಟು. "ನೀವೂ ಹಾಗೆ ಕೇಳಿ ಅತ್ತೆ, ಟೈಮ್ ಉಳಿಯುತ್ತೆ" ಎಂಬ ಉಪದೇಶ ಬೇರೆ. ಅವನ ಸ್ವೆಟರಿಗೆ ನಾನು ಒಂದೂವರೆ ಪಟ್ಟು ದಪ್ಪದ ಕಡ್ಡಿ ಹಿಡಿದರೆ ಕೆಲಸ ಬೇಗ ಮುಗಿಯುತ್ತದೆ, ಬಲೆ ಹಾಕಿಕೊಂಡು ಓಡಾಡಿಕೊಂಡಿರಲಿ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅಳಿಯನಾದ್ದರಿಂದ ಇನ್ನೊಂದು ಹೋಳಿಗೆ ಬಡಿಸಿ ಸುಮ್ಮನಾದೆ.

ಉಳಿದಿರುವ ನಿಜವಾದ ತೊಡಕು ಬೇರೆಯದು. ಕಾದಂಬರಿಯ ಉದ್ದವನ್ನೂ ಹೆಣಿಗೆಯ ಉದ್ದವನ್ನೂ ಒಂದಕ್ಕೊಂದು ಹೊಂದಿಸಿ ಆರಂಭಿಸುವ ವಿದ್ಯೆ ಯಾರಿಗೂ ಒಲಿದಿಲ್ಲವೆಂದು ಕಾಣುತ್ತದೆ. ತೋಳು ಮುಗಿಯುವ ಮೊದಲೇ ಪುಸ್ತಕ ಮುಗಿದರೆ ಮತ್ತೊಂದನ್ನು ಹಚ್ಚಬಹುದು. ತೋಳು ಮುಗಿದು ಪುಸ್ತಕ ಉಳಿದರೆ ಕಷ್ಟ, ಏಕೆಂದರೆ ಕೈ ಖಾಲಿ ಇಟ್ಟುಕೊಂಡು ಕೇಳಲು ಕುಳಿತರೆ ನನಗೆ ಹತ್ತು ನಿಮಿಷದಲ್ಲಿ ಗೊರಕೆ ಬರುತ್ತದೆ. ಈಗ ಕೇಳುತ್ತಿರುವ ಪತ್ತೇದಾರಿಯಲ್ಲಿ ಇನ್ನೂ ಮೂರು ಗಂಟೆ ಬಾಕಿ ಇದೆ. ಟೊರಾಂಟೋದ ಪಾರ್ಸೆಲ್ಲು ಹೊರಟಿದೆ, ದೆಹಲಿಯದು ತಲುಪಿದೆ, ಪುಣೆಯವರು ಬಂದು ತಾವೇ ಒಯ್ದಿದ್ದಾರೆ. ನಮ್ಮ ಬಂಧುಬಳಗದಲ್ಲಿ ಟೊಪ್ಪಿಗೆ ಇಲ್ಲದ ತಲೆ ಒಂದೂ ಉಳಿದಿಲ್ಲ. ನಮ್ಮ ಕಟ್ಟಡದ ವಾಚ್‌ಮನ್ನನ ತಲೆಯ ಸುತ್ತಳತೆ ಕೇಳಬೇಕೆಂದಿದ್ದೇನೆ. ಕೊಲೆಗಾರನು ಅಷ್ಟರಲ್ಲಿ ಸಿಕ್ಕದೆ ಹೋದರೆ ಅವನಿಗೊಂದು ಮಫ್ಲರೂ ಆಗುತ್ತದೆ.