ವಿಟಿಯಲ್ಲಿ ಸತ್ತವರ ಫೋಟೋ ಯಾರ ಹತ್ತಿರ ಇದೆ?

ನವೆಂಬರ್ 26, ಅಂದರೆ 2008ರ ಮುಂಬೈ ಉಗ್ರರ ದಾಳಿಯ ದಿನ, ಹತ್ತಿರ ಬಂತು ಅಂದ್ರೆ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಚಿತ್ರ ಸುತ್ತಲು ಶುರುವಾಗುತ್ತದೆ. ತಾಜ್ ಹೋಟೆಲಿನ ಗುಮ್ಮಟ, ಅದರ ಪಕ್ಕ ದಟ್ಟ ಹೊಗೆ, ಕೆಳಗೊಂದು ಮೇಣದಬತ್ತಿ. ನಮ್ಮ ಮುಂಬೈ ಕನ್ನಡಿಗರ ಗುಂಪುಗಳಲ್ಲಿ ಜೊತೆಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಫೋಟೋ ಇರುತ್ತದೆ. ಬೆಂಗಳೂರಿನಲ್ಲಿ ಬೆಳೆದ ಹುಡುಗ, ನಮ್ಮವನು ಅನ್ನೋ ಹೆಮ್ಮೆ. ಇರಲಿ, ಇರಲೇಬೇಕು. 31ನೇ ವಯಸ್ಸಿನಲ್ಲಿ ತಾಜ್ ಒಳಗೆ ಪ್ರಾಣ ಕೊಟ್ಟವರನ್ನು ಮರೆತರೆ ನಾವು ಮನುಷ್ಯರೇ ಅಲ್ಲ.

ನನ್ನ ತಕರಾರು ಬೇರೆ. ಆ ಮೂರು ದಿನಗಳಲ್ಲಿ ಸತ್ತವರು 166 ಜನ. ಅವರಲ್ಲಿ ಒಂದೇ ಜಾಗದಲ್ಲಿ ಅತಿ ಹೆಚ್ಚು ಜನ ಸತ್ತಿದ್ದು ತಾಜ್‌ನಲ್ಲೂ ಅಲ್ಲ, ಒಬೆರಾಯ್‌ನಲ್ಲೂ ಅಲ್ಲ. ನಾವು ಇನ್ನೂ ವಿಟಿ (ವಿಕ್ಟೋರಿಯಾ ಟರ್ಮಿನಸ್) ಅಂತಲೇ ಕರೆಯುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸ್ಟೇಷನ್ನಿನಲ್ಲಿ. ಅಲ್ಲಿ 50ಕ್ಕೂ ಹೆಚ್ಚು ಜನ ಹೋದರು. ಅವರ ಒಂದು ಫೋಟೋ ನಿಮ್ಮ ಗುಂಪಿಗೆ ಯಾವತ್ತಾದರೂ ಬಂದಿದೆಯಾ?

ಫೋರ್ಟ್‌ನಲ್ಲಿ ಕೆಲಸ, ಡೊಂಬಿವಲಿಯಲ್ಲಿ ಮನೆ. ಹಾಗಾಗಿ ವಿಟಿ ನನಗೆ ದಿನದ ಎರಡು ತುದಿ. ಲೋಕಲ್ ಕಡೆಯಿಂದ ದೂರದ ರೈಲುಗಳ ಕಡೆಗೆ ನಡೆದು ನೋಡಿ. ಲೋಕವೇ ಬದಲಾಗುತ್ತದೆ. ನೆಲದ ಮೇಲೆ ಚಾದರ ಹಾಸಿ ಮಲಗಿದವರು, ಗೋಣಿಚೀಲಕ್ಕೆ ತಲೆ ಒರಗಿಸಿದವರು, ಮಗುವಿಗೆ ಬಿಸ್ಕೆಟ್ ತಿನ್ನಿಸುವವರು. ಜನರಲ್ ಡಬ್ಬಿಯಲ್ಲಿ ಸೀಟು ಬೇಕಲ್ವಾ, ಅದಕ್ಕೆ ಗಂಟೆಗಟ್ಟಲೆ ಮೊದಲೇ ಬಂದಿರುತ್ತಾರೆ. ಉತ್ತರ ಪ್ರದೇಶ, ಬಿಹಾರದವರು ಜಾಸ್ತಿ. ಸೊಲ್ಲಾಪುರ, ಕಲಬುರಗಿ ಕಡೆ ಹೋಗುವ ನಮ್ಮ ಕೂಲಿಯವರೂ ಅಲ್ಲೇ ಕಾಯುತ್ತಾರೆ. 2008ರ ಆ ರಾತ್ರಿ ಒಂಬತ್ತೂವರೆ, ಹತ್ತರ ಸುಮಾರಿಗೆ ಕಸಬ್ ಮತ್ತು ಇಸ್ಮಾಯಿಲ್ ಎಂಬ ಇಬ್ಬರು ಉಗ್ರರು ಬಂದೂಕು ತೆಗೆದದ್ದು ಈ ಜನರ ಮೇಲೆ. ಸತ್ತವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಒಂಬತ್ತು ಉಗ್ರರ ಹೆಣಗಳಿಗೆ ತಮ್ಮ ಕಬರಸ್ತಾನದಲ್ಲಿ ಜಾಗ ಕೊಡುವುದಿಲ್ಲ ಎಂದು ಮುಂಬೈನ ಮುಸ್ಲಿಮರೇ ಹೇಳಿದ್ದನ್ನು ನಮ್ಮ ಫಾರ್ವರ್ಡ್ ವೀರರು ಯಾಕೋ ಕಳಿಸುವುದಿಲ್ಲ.

ವಿಟಿ ನಮ್ಮ ನೆನಪಿನಿಂದ ಜಾರಿದ್ದು ಏಕೆ? ನನಗನ್ನಿಸುವುದು, ಟಿವಿ ಕ್ಯಾಮೆರಾ ಇರಲಿಲ್ಲ, ಅಷ್ಟೆ. ಟಿವಿ ವ್ಯಾನುಗಳು ಬರುವಷ್ಟರಲ್ಲಿ ಸ್ಟೇಷನ್ನಿನಲ್ಲಿ ಎಲ್ಲ ಮುಗಿದು, ಅವರಿಬ್ಬರು ಕಾಮಾ ಆಸ್ಪತ್ರೆ ಕಡೆ ಹೊರಟಿದ್ದರು. ತಾಜ್ ಮಾತ್ರ 29ರ ಬೆಳಿಗ್ಗೆಯವರೆಗೂ ಉರಿಯಿತು. ಚಾನೆಲ್‌ಗಳು ಹಗಲೂ ರಾತ್ರಿ ಅದನ್ನೇ ತೋರಿಸಿದವು. ಕಮಾಂಡೋಗಳು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎನ್ನುವುದನ್ನೂ ತೋರಿಸಿದವು. ಅದನ್ನು ನೋಡಿಕೊಂಡೇ ಪಾಕಿಸ್ತಾನದಲ್ಲಿ ಕೂತವರು ಫೋನಿನಲ್ಲಿ ಆದೇಶ ಕೊಡುತ್ತಿದ್ದರು. 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ನೇರಪ್ರಸಾರಕ್ಕೆ ಛೀಮಾರಿ ಹಾಕಿತು. ಅದೇ ಪ್ರಸಾರದ ಚಿತ್ರವನ್ನು ನಾವು ಪ್ರತಿ ವರ್ಷ ಶ್ರದ್ಧಾಂಜಲಿಗೆ ಬಳಸುತ್ತೇವೆ.

ವಿಟಿಯಲ್ಲಿ ಆ ರಾತ್ರಿ ವಿಷ್ಣು ಝೆಂಡೆ ಎನ್ನುವ ಅನೌನ್ಸರ್ ಡ್ಯೂಟಿಯಲ್ಲಿದ್ದರು. 'ಪ್ಲಾಟ್‌ಫಾರಂ ನಂಬರ್ ಇಷ್ಟರಿಂದ ಫಾಸ್ಟ್ ಲೋಕಲ್' ಎಂದು ದಿನವಿಡೀ ಹೇಳುವ ಕೆಲಸ. ನಾವ್ಯಾರೂ ಆ ಮುಖಗಳನ್ನು ನೋಡಿರುವುದಿಲ್ಲ. ಮೊದಲ ಸದ್ದು ಕೇಳಿದಾಗ ಬಾಂಬ್ ಎಂದುಕೊಂಡು ರೈಲ್ವೆ ಪೊಲೀಸರನ್ನು ಮೈಕಿನಲ್ಲೇ ಕರೆದರು. ಆಮೇಲೆ ಬಂದೂಕು ಹಿಡಿದವರು ಕಣ್ಣಿಗೆ ಬಿದ್ದರು. ಲೋಕಲ್ ಪ್ರಯಾಣಿಕರಿಗೆ ಈ ಕಡೆ ಬರಬೇಡಿ, ಹಿಂದಿನ ದಾರಿಯಿಂದ ಹೊರಗೆ ಹೋಗಿ ಎಂದು ಹಿಂದಿ, ಮರಾಠಿಯಲ್ಲಿ ಮತ್ತೆ ಮತ್ತೆ ಕೂಗಿದರು. ಕ್ಯಾಬಿನ್ ಕಡೆಗೇ ಗುಂಡು ಬಂತು. ಆದರೂ ಮೈಕ್ ಬಿಡಲಿಲ್ಲ. ರೈಲು ಇಳಿಯುತ್ತಿದ್ದ ಎಷ್ಟು ನೂರು ಜನ ಆ ದನಿಯಿಂದ ಬದುಕಿದರೋ! ಕೆಳಗೆ ರೈಲ್ವೆ ರಕ್ಷಣಾ ಪಡೆಯ (ಆರ್‌ಪಿಎಫ್) ಜಿಲ್ಲು ಯಾದವ್ ಕೈಗೆ ಸಿಕ್ಕ ಪ್ಲಾಸ್ಟಿಕ್ ಕುರ್ಚಿಯನ್ನು ಎಸೆದದ್ದೂ ಅಲ್ಲೇ. ಎಕೆ 47 ಎದುರಿಗೆ ಕುರ್ಚಿ. ನಗಬೇಕೋ ಅಳಬೇಕೋ.

ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ ಕಾಮಾ ಆಸ್ಪತ್ರೆ. ಹೆಂಗಸರು, ಮಕ್ಕಳ ಸರ್ಕಾರಿ ಆಸ್ಪತ್ರೆ. ನರ್ಸ್ ಅಂಜಲಿ ಕುಲಥೆ ಆ ರಾತ್ರಿ ಬಸುರಿಯರ ವಾರ್ಡಿನಲ್ಲಿದ್ದರು. 20 ಜನ ಗರ್ಭಿಣಿಯರು. ಕೆಳಗೆ ಕಾವಲಿನವರು ಗುಂಡಿಗೆ ಬಿದ್ದದ್ದು ಕಂಡ ಕೂಡಲೇ ಬಾಗಿಲು ಹಾಕಿ, ಎಲ್ಲರನ್ನೂ ಒಂದು ಸಣ್ಣ ಪ್ಯಾಂಟ್ರಿ ಕೋಣೆಗೆ ಸೇರಿಸಿದರು. ಅಷ್ಟರಲ್ಲಿ ಒಬ್ಬಾಕೆಗೆ ನೋವು ಶುರು. ಹೆರಿಗೆ ನೋವಿಗೆ ಗುಂಡಿನ ಸದ್ದು ಗೊತ್ತಾಗುತ್ತಾ? ಅವಳನ್ನು ಗೋಡೆ ಹಿಡಿಸಿಕೊಂಡು, ಮೆಟ್ಟಿಲ ಮೇಲೆ ಮೆಲ್ಲಗೆ ನಡೆಸಿ ಹೆರಿಗೆ ಕೋಣೆಗೆ ಮುಟ್ಟಿಸಿದರು. ಮಗು ಹುಟ್ಟಿತು. ಇವರೇ ಆಮೇಲೆ ಕಸಬ್‌ನನ್ನು ಗುರುತಿಸಿದರು. 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಇದನ್ನೆಲ್ಲ ಹೇಳಿದರು. ಇಲ್ಲಿ ನಮ್ಮ ಪಕ್ಕದ ಮನೆಯವರಿಗೆ ಹೆಸರು ಕೇಳಿ ನೋಡಿ, ಗೊತ್ತಿರುವುದಿಲ್ಲ.

ಆಸ್ಪತ್ರೆ ಪಕ್ಕದ ಗಲ್ಲಿಯಲ್ಲೇ ಪೊಲೀಸ್ ಅಧಿಕಾರಿಗಳಾದ ಕರ್ಕರೆ, ಕಾಮ್ಟೆ, ಸಾಲಸ್ಕರ್ ಹೋದರು. ಆ ಕಥೆ ಎಲ್ಲರಿಗೂ ಗೊತ್ತು. ಅಲ್ಲಿಂದ ಕಸಬ್, ಇಸ್ಮಾಯಿಲ್ ಗಿರ್ಗಾಂವ್ ಚೌಪಾಟಿಗೆ ಬಂದ ಕಾರನ್ನು ತಡೆದವರಲ್ಲಿ ತುಕಾರಾಂ ಓಂಬಳೆ ಇದ್ದರು. ಸಹಾಯಕ ಸಬ್ ಇನ್‌ಸ್ಪೆಕ್ಟರ್. ಸೈನ್ಯದಲ್ಲಿ ಕೆಲಸ ಮುಗಿಸಿ ಪೊಲೀಸ್ ಸೇರಿದವರು. ಕೈಯಲ್ಲಿ ಲಾಠಿ ಮಾತ್ರ. ಕಸಬ್‌ನ ಬಂದೂಕಿನ ನಳಿಗೆಯನ್ನು ಹಿಡಿದುಕೊಂಡರು. ಗುಂಡುಗಳು ಮೈಗೆ ಇಳಿದರೂ ಬಿಡಲಿಲ್ಲ. ಥಾಣೆ, ಕಲ್ಯಾಣ ಕಡೆ ಸಿಕ್ಕ ಒಂದು ಹೊಸ ಜಾತಿಯ ಜೇಡಕ್ಕೆ 2021ರಲ್ಲಿ ಸಂಶೋಧಕರು ಇವರ ಹೆಸರಿಟ್ಟಿದ್ದಾರೆ, ಇಸಿಯಸ್ ತುಕಾರಾಮಿ. ರಸ್ತೆಗೆ, ಚೌಕಕ್ಕೆ ಇಡುವುದು ಇದ್ದೇ ಇದೆ. ನನಗೇನೋ ಜೇಡವೇ ಇಷ್ಟವಾಯಿತು.

ಓಂಬಳೆ ಹಿಡಿತಕ್ಕೆ ಎಷ್ಟು ಬೆಲೆ ಇದೆ ಎನ್ನುವುದು ನನಗೆ ಸರಿಯಾಗಿ ಅರ್ಥವಾಗಿದ್ದು 2025ರ ಜುಲೈನಲ್ಲಿ. 2006ರ ಜುಲೈ 11ರ ಸಂಜೆ ವೆಸ್ಟರ್ನ್ ಲೈನಿನ ಲೋಕಲ್‌ಗಳಲ್ಲಿ ಏಳು ಬಾಂಬ್ ಸಿಡಿದು 180ಕ್ಕೂ ಹೆಚ್ಚು ಜನ ಸತ್ತರಲ್ಲ, ಆ ಕೇಸಿನಲ್ಲಿ ಶಿಕ್ಷೆಯಾಗಿದ್ದ 12 ಮಂದಿಯನ್ನೂ ಬಾಂಬೆ ಹೈಕೋರ್ಟ್ ಖುಲಾಸೆ ಮಾಡಿತು. ವಿಷಯ ಈಗ ಸುಪ್ರೀಂ ಕೋರ್ಟಿಗೆ ಹೋಗಿದೆ. ಹತ್ತೊಂಬತ್ತು ವರ್ಷ ಕಳೆದರೂ, ಮಾಡಿದವರು ಯಾರು ಎನ್ನುವ ಪ್ರಶ್ನೆ ಆ ಮನೆಗಳಲ್ಲಿ ಹಾಗೇ ಕೂತಿದೆ. ನವೆಂಬರ್ 26ರ ಕೇಸಿನಲ್ಲಿ ಹಾಗಾಗಲಿಲ್ಲ. ಓಂಬಳೆಯಿಂದಾಗಿ ಕಸಬ್ ಜೀವಂತ ಸಿಕ್ಕ. ಮೊದಲು ನಮ್ಮವನಲ್ಲ ಎಂದ ಪಾಕಿಸ್ತಾನ 2009ರ ಜನವರಿಯಲ್ಲಿ ಹೌದು ಎಂದಿತು. ಆರ್ಥರ್ ರೋಡ್ ಜೈಲಿನಲ್ಲಿ ವಿಚಾರಣೆ ನಡೆಯಿತು. ಅವನಿಗೂ ವಕೀಲರನ್ನು ಕೊಟ್ಟರು. ಸುಪ್ರೀಂ ಕೋರ್ಟಿನವರೆಗೂ ಹೋಗಿ, 2012ರ ನವೆಂಬರ್ 21ರಂದು ಪುಣೆಯ ಯರವಡಾ ಜೈಲಿನಲ್ಲಿ ಗಲ್ಲಾಯಿತು. 'ಅಲ್ಲೇ ಗುಂಡು ಹೊಡೆಯಬೇಕಿತ್ತು, ಬಿರಿಯಾನಿ ಹಾಕಿ ಸಾಕಿದರು' ಎಂದು ಈಗಲೂ ಕಾಮೆಂಟ್ ಹಾಕುವವರಿದ್ದಾರೆ. ಅಲ್ಲೇ ಹೊಡೆದಿದ್ದರೆ ಕೈಯಲ್ಲಿ ಹತ್ತು ಗುರುತಿಲ್ಲದ ಹೆಣ ಉಳಿಯುತ್ತಿದ್ದವು ಸ್ವಾಮಿ.

ಆ ವಿಚಾರಣೆಯಲ್ಲಿ ವಿಟಿಯಲ್ಲಿ ಕಾಲಿಗೆ ಗುಂಡು ತಿಂದ ಒಬ್ಬ ಹುಡುಗಿ ಊರುಗೋಲು ಹಿಡಿದು ಬಂದು ಕಸಬ್‌ನತ್ತ ಕೈ ತೋರಿಸಿದ್ದಳು. ದಾಳಿಯ ಹೊತ್ತಿಗೆ ಅವಳಿಗೆ ಒಂಬತ್ತು ವರ್ಷ. ಎಲ್ಲ ಪೇಪರಿನಲ್ಲೂ ಫೋಟೋ ಬಂತು. ದೊಡ್ಡವಳಾದ ಮೇಲೆ ಒಂದು ಮನೆ ಕೊಡಿ ಎಂದು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಶ್ರದ್ಧಾಂಜಲಿ ಸಭೆಗಳಿಗೆ ಮಾತ್ರ ಯಾರೂ ಅರ್ಜಿ ಹಾಕಬೇಕಾಗಿ ಬಂದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕುಬೇರ್ ಬೋಟಿನವರು. ಪೋರಬಂದರಿನಿಂದ ಮೀನಿಗೆ ಹೊರಟವರು. ಸಮುದ್ರದಲ್ಲೇ ಅವರನ್ನು ಮುಗಿಸಿ, ಆ ಬೋಟಿನಲ್ಲಿ ಉಗ್ರರು ಮುಂಬೈ ಹತ್ತಿರದವರೆಗೆ ಬಂದರು. ನಮ್ಮ ಮೊಗವೀರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೀನುಗಾರರಿಗೆ ಬಯೋಮೆಟ್ರಿಕ್ ಕಾರ್ಡ್, ರಾಜ್ಯಕ್ಕೊಂದು ಬಣ್ಣದ ಬೋಟು, ಕಡಲಲ್ಲಿ ತಪಾಸಣೆ, ಎಲ್ಲ ಬಂದದ್ದು ಆ ದಾಳಿಯ ಮೇಲೆ. ನಿಯಮ ಮಲ್ಪೆಗೂ ತಲುಪಿತು. ಕುಬೇರ್‌ನಲ್ಲಿ ಸತ್ತವರ ನೆನಪು ತಲುಪಲಿಲ್ಲ.

ತಾಜ್ ಬಗ್ಗೆಯೂ ಒಂದು ಮಾತು, ಇಲ್ಲದಿದ್ದರೆ ಹೋಟೆಲಿನ ನಮ್ಮ ಅಣ್ಣಂದಿರು ಬೇಜಾರಾಗುತ್ತಾರೆ. ಒಳಗಿನ ದಾರಿ ಗೊತ್ತಿದ್ದ ಅಡುಗೆಯವರು, ವೇಟರ್‌ಗಳು ಮೊದಲು ತಾವು ಓಡಬಹುದಿತ್ತು. ಗಿರಾಕಿಗಳನ್ನು ಮುಂದೆ ಕಳಿಸಿ ತಾವು ಹಿಂದೆ ನಿಂತರು, ಎಷ್ಟೋ ಜನ ಸತ್ತರು. ಅಗ್ನಿಶಾಮಕ ದಳದವರು ಗುಂಡು ಹಾರುತ್ತಿರುವಾಗಲೇ ಏಣಿ ಇಟ್ಟು ಕಿಟಕಿಗಳಿಂದ ಜನರನ್ನು ಇಳಿಸಿದರು. ಗುಮ್ಮಟದ ಚಿತ್ರದಲ್ಲಿ ಇವರೂ ಕಾಣುವುದಿಲ್ಲ.

ಈ ಸಲ ನಮ್ಮ ಕಡೆಯ ಸಂಘವೊಂದರಲ್ಲಿ ಕಾರ್ಯಕ್ರಮ ಮಾಡುತ್ತಾರಂತೆ. ಮುಖ್ಯ ಅತಿಥಿ ಯಾರು ಅಂತ ಚರ್ಚೆ ನಡೆದಿದೆ. ಒಬ್ಬ ಶಾಸಕರ ಹೆಸರು ಕೇಳಿ ಬರುತ್ತಿದೆ. ನಾನು ಹೇಳಿದ್ದು ಇಷ್ಟೆ. ಸರ್ಕಾರಿ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ಕನ್ನಡದ ನರ್ಸುಗಳು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಬ್ಬರನ್ನು ಕರೆಯಿರಿ, ಮೊದಲ ಸಾಲಿನಲ್ಲಿ ಕೂರಿಸಿ, ಮೈಕ್ ಕೊಡಿ. ಸ್ಟೇಷನ್ನಿನಲ್ಲಿ ಸತ್ತವರ ಹೆಸರುಗಳನ್ನು ಮಕ್ಕಳಿಂದ ಓದಿಸಿ. ಶಾಸಕರು ಬರುವುದಾದರೆ ಬರಲಿ, ಕೂತು ಕೇಳಲಿ. 'ನೋಡೋಣ' ಅಂದಿದ್ದಾರೆ. ನೋಡೋಣ ಅಂದ್ರೆ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಸಮಿತಿಯಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಆಹ್ವಾನ ಪತ್ರಿಕೆ ಇನ್ನೂ ಪ್ರೆಸ್‌ಗೆ ಹೋಗಿಲ್ಲ.