ಕಾಲು ನೆಲಕ್ಕೆ ಹತ್ತುವ ಕಟ್ಟೆ

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಹೋದಾಗ ನಮ್ಮ ಮನೆಯೂ ಹೋಯಿತು. ಅದು ಮಣ್ಣಿನ ಮಾಳಿಗೆ ಮನೆ. ತಲೆಬಾಗಿಲಿನ ಎರಡೂ ಬದಿಗೆ ಕಟ್ಟೆಗಳಿದ್ದವು. ಅಪ್ಪನ ಸಂಜೆಗಳೆಲ್ಲ ಅಲ್ಲಿಯೇ ಕಳೆದವು. ಹೋಳಿಯ ಹಲಗೆ ಕಾಸುವವರು, ಕನ್ಯಾ ನೋಡಲು ಬಂದವರು, ಸಾಲ ಕೇಳಲು ಬಂದು ಹೇಳಲಾಗದೆ ಕುಳಿತವರು, ಎಲ್ಲರಿಗೂ ಆ ಕಟ್ಟೆಯ ಮೇಲೆ ಜಾಗವಿತ್ತು.

ಮುಳುಗಡೆಯಾದವರಿಗೆಂದು ಕಟ್ಟಿದ ನವನಗರದಲ್ಲಿ ನಿವೇಶನ ಸಿಕ್ಕಿತು. ಪರಿಹಾರದ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ ನಾನು ಕಟ್ಟಿಸಿದ ಮನೆ, ನೋಡುವವರ ಕಣ್ಣಿಗೆಂದೇ ಕಟ್ಟಿಸಿದ್ದು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಸಾಗವಾನಿಯ ಬಾಗಿಲು, ಮುಖ ಕಾಣುವಂಥ ಗ್ರಾನೈಟ್, ಆಳೆತ್ತರದ ಗೇಟು. ನನ್ನ ಬಾಲ್ಯದ ಗೆಳೆಯ ಗೌಂಡಿ ಕೆಲಸದಲ್ಲಿ ಪಳಗಿದವನು. ಅವನನ್ನು ಬಿಟ್ಟು ಹುಬ್ಬಳ್ಳಿಯಿಂದ ಎಂಜಿನಿಯರರನ್ನು ಕರೆಸಿದೆ. ವಾಸ್ತುಶಾಂತಿಯ ದಿನ ಅವನು ಕೊನೆಯ ಪಂಕ್ತಿಯಲ್ಲಿ ಉಂಡು, ಅಪ್ಪನ ಕಾಲು ಮುಟ್ಟಿ ನಮಸ್ಕರಿಸಿ ಹೊರಟುಹೋದ. ನಾನು ಆ ಹೊತ್ತಿಗೆ ದೊಡ್ಡವರಿಗೆ ಮನೆ ತೋರಿಸುವುದರಲ್ಲಿದ್ದೆ.

ಅಪ್ಪ ಮಾತ್ರ ದಿನಾ ಸಂಜೆ ಬಸ್ಸು ಹತ್ತಿ ಹಳೆಯ ಊರಿಗೆ ಹೋಗಿ, ಮುಳುಗದೆ ಉಳಿದ ಭಾಗದ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದರು. ನನಗೆ ಅದು ಅವಮಾನವೆನಿಸುತ್ತಿತ್ತು. “ಇಷ್ಟ ದೊಡ್ಡ ಮನಿ ಐತಿ, ಮಂದಿ ಕಟ್ಟಿ ಮ್ಯಾಲ ಯಾಕ ಕೂಡ್ತೀರಿ ಅಪ್ಪಾ?” ಎಂದು ಒಮ್ಮೆ ಕೇಳಿದೆ. “ಇಲ್ಲಿ ಎಲ್ಲಿ ಕೂಡ್ಲಿ ತಮ್ಮಾ?” ಎಂದರು. ಸೋಫಾ ಇಲ್ಲವೇ ಎಂದು ನಾನು ಸಿಟ್ಟಾದೆ.

ಮುಂದೆ ಅಪ್ಪ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಬಸ್ಸು ಹತ್ತುವುದು ನಿಂತಿತು. ಅವರ ಮೂವರು ಗೆಳೆಯರು ನೋಡಲು ಬಂದರು. ಗೇಟಿನ ಹೊರಗೇ ಚಪ್ಪಲಿ ಬಿಟ್ಟರು, ಹೆಗಲ ಮೇಲಿನ ವಸ್ತ್ರದಿಂದ ಅಂಗಾಲು ಒರೆಸಿಕೊಂಡು ಗ್ರಾನೈಟಿನ ಮೇಲೆ ಕಾಲಿಟ್ಟರು, ಸೋಫಾದ ಅಂಚಿಗೆ ಕುಳಿತರು. ಎಲೆಯಡಿಕೆಯ ಚಂಚಿ ಬಿಚ್ಚಲೇ ಇಲ್ಲ. ಹತ್ತು ನಿಮಿಷಕ್ಕೆ ಎದ್ದುಹೋದವರು ಮತ್ತೆ ಬರಲಿಲ್ಲ. ಅಪ್ಪ ದಿನವಿಡೀ ಗೇಟಿನ ಕಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಯಾರೂ ನನ್ನನ್ನು ದೂರಲಿಲ್ಲ. ಆದರೂ ಆ ಮೂವರು ಕಾಲು ಒರೆಸಿಕೊಂಡ ರೀತಿ ನನಗೆ ಇಂದಿಗೂ ಮರೆತಿಲ್ಲ.

ಎರಡು ವರ್ಷ ಮಾತನಾಡಿಸದ ಗೆಳೆಯನಿಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆಯೇ ಬಂದ. ಗೇಟಿನ ಮಗ್ಗುಲಿನ ಕಂಪೌಂಡನ್ನು ಐದು ಅಡಿ ಒಡೆದು ಅಲ್ಲಿ ಕಟ್ಟೆ ಕಟ್ಟಬೇಕೆಂದು ಹೇಳಿದಾಗ ಅವನು ಯಾಕೆಂದು ಕೇಳಲಿಲ್ಲ. ನೇರವಾಗಿ ಒಳಗೆ ಹೋಗಿ, ಅಪ್ಪನನ್ನು ಮಂಚದ ಅಂಚಿಗೆ ಕೂಡಿಸಿ, ಹಿಮ್ಮಡಿಯಿಂದ ಮೊಣಕಾಲಿನವರೆಗೆ ದಾರ ಹಿಡಿದು ಅಳೆದು ಗಂಟು ಹಾಕಿಕೊಂಡ. “ಕಾಕಾನ ಕಾಲ ನೆಲಕ್ಕ ಹತ್ತಬೇಕು, ಜೋತಾಡಬಾರದು,” ಎಂದ. ನಾಲ್ಕು ದಿನದಲ್ಲಿ ಪರಸಿ ಕಲ್ಲು ಹಾಸಿ ಮುಗಿಸಿದ. ಕೂಲಿ ಕೊಡಲು ಹೋದರೆ, “ಕಾಕಾ ಕೂಡೂ ಕಟ್ಟಿಗೆ ರೊಕ್ಕಾ ತಗೊಳ್ಳಾಕ ಬರತೈತೇನಲೇ?” ಎಂದು ಕೈ ಸರಿಸಿದ. ವಾಸ್ತುಶಾಂತಿಯ ದಿನದ ಮಾತನ್ನು ಅವನು ಎತ್ತಲಿಲ್ಲ. ನಾನೇ ಎತ್ತಿ ಕ್ಷಮೆ ಕೇಳಿದೆ.

ಇದನ್ನು ಈಗ ಬರೆಯಲು ಕಾರಣವಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಇನ್ನೂ ಹಲವು ಹಳ್ಳಿಗಳು ಎದ್ದು ಬೇರೆಡೆಗೆ ಹೋಗಬೇಕಾಗುತ್ತದೆ. ಪರಿಹಾರ ಎಷ್ಟು ಎಂಬ ಚರ್ಚೆ ಬೇಕು, ಅದು ನ್ಯಾಯವಾದದ್ದು. ಆದರೆ ನಾಳೆ ಪುನರ್ವಸತಿ ಕೇಂದ್ರದಲ್ಲಿ ಮನೆಯ ನಕಾಶೆ ಬಿಡಿಸುವವರು, ಮುಂಭಾಗದ ಎಲಿವೇಶನ್ ನೋಡುವ ಮೊದಲು ತಮ್ಮ ತಂದೆತಾಯಿ ಸಂಜೆ ಯಾರೊಡನೆ ಕೂಡುತ್ತಾರೆ ಎಂದು ಕೇಳಿಕೊಳ್ಳಲಿ ಎಂಬುದು ನನ್ನ ಕಳಕಳಿಯ ಮನವಿ. ನಾನು ಕೇಳಿಕೊಳ್ಳಲಿಲ್ಲ.

ಅಪ್ಪ ಈಗ ಕೋಲು ಹಿಡಿದು ಕಟ್ಟೆಯವರೆಗೆ ನಡೆಯುತ್ತಾರೆ. ಮೂವರೂ ಬಸ್ಸು ಹತ್ತಿ ಇಲ್ಲಿಗೇ ಬರುತ್ತಾರೆ. ಪಕ್ಕದ ಮನೆಯ ಹಿರಿಯರೊಬ್ಬರು ಸೇರಿ ಈಗ ಐದು ಜನ. ಪರಸಿಯ ಅಂಚಿನಲ್ಲಿ ಸುಣ್ಣದ ಬೆರಳು ಒರೆಸಿದ ಬಿಳಿ ಗೀರುಗಳು ಬಿದ್ದಿವೆ. ನಾನು ಅವನ್ನು ತೊಳೆಸಿಲ್ಲ.